ಮಲೆನಾಡಿನ ಗಾರ್ಡನ್ ಕ್ಲಬ್‌ಗಳಿಗೆ ಕಾರ್ಯಾಗಾರದ ಕೈಪಿಡಿ: ಕಸಿ, ಡೇರೆ, ಬೋರ್ಡೋ

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹೂಗಿಡ ಸಾಕುವವರಿಗೆ ಬರವಿಲ್ಲ. ನೆಂಟರ ಮನೆಗೆ ಹೋದವರು ಡೇರೆ (ಡೇಲಿಯಾ) ಹೂವಿನ ಗೆಡ್ಡೆಯನ್ನೋ ದಾಸವಾಳದ ಕಡ್ಡಿಯನ್ನೋ ಕೇಳಿ ತರುವುದು ಇಲ್ಲಿನ ರೂಢಿ. ಇಂಥವರು ಹತ್ತಿಪ್ಪತ್ತು ಜನ ಸೇರಿ ಒಂದು ಗಾರ್ಡನ್ ಕ್ಲಬ್ ಕಟ್ಟಿಕೊಳ್ಳುವುದೂ ಸುಲಭವೇ. ಆಮೇಲಿನದು ಕಷ್ಟ. ಸ್ವಾಗತ, ದೀಪ, ಹಾರ, ಒಂದೂವರೆ ಗಂಟೆಯ ಭಾಷಣ, ವಂದನಾರ್ಪಣೆ, ಉಪ್ಪಿಟ್ಟು ಎಂಬಲ್ಲಿಗೆ ಕಾರ್ಯಕ್ರಮ ಮುಗಿದುಬಿಡುತ್ತದೆ. ಬಂದವರು ಚಂದ ಮಾತಾಡಿದರು ಎಂದು ಹೇಳಿ ಮನೆಗೆ ಹೋಗುತ್ತಾರೆ. ಬ್ಲೇಡು ಹಿಡಿದು ಒಂದು ಕಸಿ ಕಟ್ಟು ಎಂದರೆ ಕೈ ಓಡುವುದಿಲ್ಲ.

ಬಂದವರ ಕೈಗೆ ಕೆಲಸ ಹತ್ತುವ ಹಾಗೆ ಕಾರ್ಯಾಗಾರ ಮಾಡಲು ಒಂದು ಕಟ್ಟುಪಾಡು ಸಾಕು: ಒಂದು ದಿನಕ್ಕೆ ಒಂದೇ ಕೆಲಸ. ಬೆಳಿಗ್ಗೆ ಕಸಿ, ಊಟದ ನಂತರ ಕಾಂಪೋಸ್ಟ್, ಸಂಜೆ ಟೆರೇಸ್ ತೋಟ ಎಂದು ಕರಪತ್ರದಲ್ಲಿ ಹಾಕಿದರೆ ಜನ ಹೆಚ್ಚು ಬರಬಹುದು, ಕಲಿಯುವುದು ಏನೂ ಇರುವುದಿಲ್ಲ. ಮಾತಿಗೆ ನಲವತ್ತು ನಿಮಿಷ, ಕೈಕೆಲಸಕ್ಕೆ ಎರಡು ಗಂಟೆ, ಪ್ರಶ್ನೆಗಳಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಬಂದವರು ಇಪ್ಪತ್ತನಾಲ್ಕು ಮೀರಬಾರದು. ಎಂಟು ಜನರಿಗೆ ಕೆಲಸ ಬಲ್ಲ ಒಬ್ಬರಂತೆ ಮೂವರು ನೆರವಿನವರು ಇರಬೇಕು. ಅದಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರೆ ಎರಡನೇ ದಿನ ಇಡುವುದೇ ಮೇಲು. ಹಿಂದಿನ ಸಾಲಿನಲ್ಲಿ ನಿಂತವರಿಗೆ ಬೆರಳು ಕಾಣದಿದ್ದರೆ ಅವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ನಿಲ್ಲುತ್ತಾರೆ, ಅಷ್ಟೆ.

ದಿನ ಮತ್ತು ಜಾಗ

ಮಲೆನಾಡಿನಲ್ಲಿ ರಜಾದಿನ ನೋಡಿ ದಿನ ಇಟ್ಟರೆ ಸಾಲದು, ತೋಟದ ಕೆಲಸ ನೋಡಬೇಕು. ಮೇ ಕೊನೆಯಿಂದ ಜೂನ್ ಮೊದಲ ವಾರಗಳವರೆಗೆ ಅಡಿಕೆ ಬೆಳೆಗಾರರಿಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ, ಜುಲೈಯಲ್ಲಿ ಗದ್ದೆ ನಾಟಿ, ಅಕ್ಟೋಬರಿನಿಂದ ಜನವರಿ ದಾಟುವವರೆಗೆ ಅಡಿಕೆ ಗೊನೆ ಕೊಯ್ಲು, ಸುಲಿತ, ಬೇಯಿಸುವುದು. ಈ ನಡುವಿನ ಸಂದಿಗಳಲ್ಲೇ ಕಾರ್ಯಾಗಾರ ಕೂರಿಸಬೇಕು. ಹಾಗೆ ನೋಡಿದರೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಪ್ರಾತ್ಯಕ್ಷಿಕೆಗೆ ಮೇ ಎರಡನೇ ವಾರ, ಡೇರೆ ಗೆಡ್ಡೆ ಬಿಡಿಸುವುದಕ್ಕೆ ರೋಹಿಣಿ ಮಳೆಗೆ ಮುಂಚಿನ ದಿನಗಳು, ಕಸಿಗೆ ಆಗಸ್ಟಿನ ಆಶ್ಲೇಷ–ಮಖೆಯ ದಿನಗಳು ಹೊಂದುತ್ತವೆ. ಸಾಗರದ ಕಡೆಯವರು ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಫೆಬ್ರುವರಿಯಲ್ಲಿ ಏನನ್ನೂ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಎಲ್ಲೋ ಅಚ್ಚಾದ ವೇಳಾಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣದೊಂದು ಪಾಲು. ಒಂದೇ ಜಿಲ್ಲೆಯಾದರೂ ಪೇಟೆಯ ಕುಂಡಕ್ಕೆ ಹೇಳಿದ ನೀರಿನ ಲೆಕ್ಕ ಘಟ್ಟದ ಅಂಚಿನ ಅಂಗಳದಲ್ಲಿ ಗಿಡ ಕೊಳೆಸುತ್ತದೆ.

ಜಾಗ ಗೊತ್ತುಮಾಡುವಾಗ ತಲೆ ಎತ್ತಿ ಛಾವಣಿ ನೋಡಿ. ತಗಡಿನ ಶೀಟು ಹೊದಿಸಿದ ಸಭಾಭವನದಲ್ಲಿ ಒಂದು ಜೋರು ಮಳೆ ಬಂದರೆ ಮೈಕು ಇದ್ದರೂ ಕೇಳುವುದಿಲ್ಲ, ಮಳೆಯ ಜೊತೆಗೇ ಕರೆಂಟೂ ಹೋಗುತ್ತದೆ. ಹೆಂಚಿನ ಮನೆಯ ಅಗಲ ಜಗಲಿ ಅದಕ್ಕಿಂತ ಎಷ್ಟೋ ಪಾಲು ವಾಸಿ. ಪ್ರೊಜೆಕ್ಟರ್ ನಂಬಬೇಡಿ; ತೋರಿಸಬೇಕಾದದ್ದನ್ನು ನಿಜವಾದ ಗಿಡದಲ್ಲೇ ತೋರಿಸಿ. ಹತ್ತೂವರೆಗೆ ಶುರುಮಾಡಿ ಮೂರೂವರೆಯೊಳಗೆ ಮುಗಿಸಿದರೆ ಹಳ್ಳಿಯಿಂದ ಬಂದವರಿಗೆ ಬಸ್ಸು ಸಿಗುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವುದಿದ್ದರೆ ಕಾಲಿಗೆ ಹತ್ತುವ ಉಂಬಳಕ್ಕೆಂದು (ಜಿಗಣೆ) ಬಾಗಿಲಲ್ಲಿ ಒಂದು ಬಟ್ಟಲು ಸುಣ್ಣ ಇಡಿ. ಪೇಟೆಯಿಂದ ಬಂದವರು ಅರ್ಧ ಹೊತ್ತು ಕಾಲು ನೋಡಿಕೊಳ್ಳುವುದರಲ್ಲೇ ಕಳೆಯುವುದು ಅದರಿಂದ ತಪ್ಪುತ್ತದೆ.

ಪುಕ್ಕಟೆ ಕಾರ್ಯಾಗಾರಕ್ಕೆ ಹೆಸರು ಕೊಟ್ಟವರಲ್ಲಿ ಬರುವವರು ಕಡಿಮೆ. ಸಾಮಗ್ರಿಯ ಖರ್ಚಿನಷ್ಟು ಹಣ ಮುಂಗಡ ಪಡೆಯಿರಿ. ತಂದಿಟ್ಟ ಸಸಿ ಹಾಳಾಗುವುದಿಲ್ಲ.

ಮಾತಾಡಲು ಕರೆಯುವವರು

ಇರುವಕ್ಕಿ ಮತ್ತು ನವಿಲೆಯಲ್ಲಿ ಆವರಣಗಳಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಕೃಷಿ ವಿಜ್ಞಾನ ಕೇಂದ್ರದ ವಿಷಯ ತಜ್ಞರು, ತಾಲೂಕಿನ ತೋಟಗಾರಿಕೆ ಇಲಾಖೆಯವರು ಪತ್ರ ಬರೆದು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಪ್ಪತ್ತು ದಿನ ಮೊದಲೇ ಬರೆಯಿರಿ. ಬರಿ ವಿಷಯ ಬರೆದು ಸುಮ್ಮನಾಗದೆ ಸದಸ್ಯರಿಂದ ಸಂಗ್ರಹಿಸಿದ ಮೂರು ಪ್ರಶ್ನೆಗಳನ್ನು ಜೊತೆಗೆ ಕಳಿಸಿ. ‘ಮಣ್ಣಿನ ಆರೋಗ್ಯ’ ಎಂದು ಬರೆದರೆ ತರಗತಿಯ ಪಾಠ ಬರುತ್ತದೆ. ‘ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಗುಲಾಬಿಯ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ, ಯಾಕೆ?’ ಎಂದು ಬರೆದರೆ ಉತ್ತರ ಬರುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಹೆಕ್ಟೇರಿಗೆ ಇಷ್ಟು ಕಿಲೋ ಎಂಬ ಲೆಕ್ಕ ಮನೆ ಹಿತ್ತಿಲಿಗೆ ಉಪಯೋಗವಿಲ್ಲ. ಒಂದು ಕುಂಡಕ್ಕೆ ಎಷ್ಟು ಚಮಚ, ಒಂದು ಬುಡಕ್ಕೆ ಎಷ್ಟು ಹಿಡಿ ಎಂದು ಪರಿವರ್ತಿಸಿ ತರಲು ಕೇಳಿ. ಕಸಿ ಕಟ್ಟುವುದನ್ನು ತೋರಿಸಲು ಮಾತ್ರ ಪದವಿ ನೋಡಬೇಡಿ; ನರ್ಸರಿಯಲ್ಲಿ ದಿನಕ್ಕೆ ನೂರಾರು ಕಸಿ ಕಟ್ಟುವವರನ್ನೇ ಕರೆಸಿ, ಪ್ರಾಧ್ಯಾಪಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ.

ಅಪ್ಪೆಮಿಡಿ ಕಸಿ: ಒಂದು ದಿನದ ಕಾರ್ಯಾಗಾರ, ಆರೇಳು ತಿಂಗಳ ಕೆಲಸ

ಮಲೆನಾಡಿನ ಕ್ಲಬ್ಬಿಗೆ ಇದಕ್ಕಿಂತ ತಕ್ಕ ವಿಷಯ ಇಲ್ಲ. ಉಪ್ಪಿನಕಾಯಿಯ ಮಿಡಿ ಕೊಡುವ, ಹೊಳೆದಂಡೆಯ ಅಪ್ಪೆ ಮಾವಿನ ಮರಗಳು ಒಂದೊಂದೂ ಒಂದೊಂದು ಜಾತಿ. ಗೊರಟು ಹಾಕಿ ಎಬ್ಬಿಸಿದರೆ ತಾಯಿಯ ಪರಿಮಳ ಮರಿಗೆ ಬರುತ್ತದೆಂಬ ಭರವಸೆಯಿಲ್ಲ. ಕಸಿ ಕಟ್ಟಿದರೆ ಮಾತ್ರ ಅದೇ ಮಿಡಿ. ಹಾಗಾಗಿ ಮರ ಬಿದ್ದರೆ, ಮಿಡಿಗಾಗಿ ಕೊಂಬೆ ಕಡಿದು ಮರ ಸೊರಗಿದರೆ, ಆ ತಳಿಯೇ ಹೋದಂತೆ.

ಫೆಬ್ರುವರಿ–ಮಾರ್ಚಿನಲ್ಲಿ ಮರದಲ್ಲಿ ಮಿಡಿ ಇರುವಾಗಲೇ ತಾಯಿಮರ ಗೊತ್ತುಮಾಡಿಕೊಳ್ಳಬೇಕು. ಮಿಡಿ ಮುರಿದು ಸೊನೆಯ ಪರಿಮಳ ನೋಡಿ. ಜೀರಿಗೆ ವಾಸನೆಯೋ ಕರ್ಪೂರದ ವಾಸನೆಯೋ ಬರೆದುಕೊಳ್ಳಿ. ಆ ಮರದ ಮಿಡಿ ಉಪ್ಪಿನಕಾಯಿಯಲ್ಲಿ ಎಷ್ಟು ವರ್ಷ ಗಟ್ಟಿ ಉಳಿಯುತ್ತದೆಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಅದು ಗಿಡ ನೋಡಿ ಗೊತ್ತಾಗುವ ವಿಷಯವಲ್ಲ. ಮರಕ್ಕೊಂದು ಸಂಖ್ಯೆ ಕೊಟ್ಟು, ಫೋಟೋ ತೆಗೆದು, ಖಾಸಗಿ ಜಾಗವಾದರೆ ಮಾಲೀಕರ, ಕಾಡಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ.

ಈ ತಿರುಗಾಟದಲ್ಲಿ ಒಂದು ಎಚ್ಚರ ಬೇಕು. ಮಿಡಿಯ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ; ಡಿಸೆಂಬರಿನಿಂದ ಮೇ ತನಕ ಅದರ ಹಾವಳಿ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಇಲ್ಲದೆ ಸದಸ್ಯರನ್ನು ಕಾಡಂಚಿಗೆ ಕರೆದೊಯ್ಯಬೇಡಿ. ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚುವುದೂ ಬೇಡ. ಮಂಗ ಸತ್ತುಬಿದ್ದ ಸುದ್ದಿಯಿರುವ ಊರಿಗೆ ಆ ವರ್ಷ ಹೋಗಲೇಬೇಡಿ. ಮನೆಗೆ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯೆಲ್ಲ ನೋಡಿಕೊಂಡು ಸ್ನಾನ ಮಾಡಬೇಕು.

ಕಸಿಯನ್ನು ಹೊರುವ ಬೇರುಸಸಿಯ ಏರ್ಪಾಡು ಹಿಂದಿನ ವರ್ಷವೇ ಆಗಬೇಕು. ಕಾಟುಮಾವು ಅಥವಾ ನೆಕ್ಕರೆ ಮಾವಿನ ಗೊರಟನ್ನು ಹಣ್ಣು ತಿಂದ ಎರಡು ಮೂರು ವಾರದೊಳಗೆ ಮಣ್ಣಿಗೆ ಹಾಕಬೇಕು. ಒಣಗಿಸಿ ಇಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಜೂನಿನಲ್ಲಿ ಹಾಕಿದ ಗೊರಟು ಮರುವರ್ಷದ ಮಳೆಗಾಲಕ್ಕೆ ಪೆನ್ಸಿಲ್ ದಪ್ಪದ ಸಸಿಯಾಗಿರುತ್ತದೆ. ಇಷ್ಟು ಕಾಯಲಾಗದಿದ್ದರೆ ನರ್ಸರಿಯಿಂದ ಕೊಳ್ಳಿ. ಆದರೆ ಕೊಟ್ಟೆ ಎತ್ತಿ ಅಡಿ ನೋಡದೆ ಕೊಳ್ಳಬೇಡಿ. ತಾಯಿಬೇರು ತಳದಲ್ಲಿ ಸುತ್ತಿಕೊಂಡಿದ್ದರೆ ಕಸಿ ಹತ್ತಿದರೂ ಗಿಡ ಮುಂದೆ ಏಳುವುದಿಲ್ಲ.

ಇಪ್ಪತ್ತನಾಲ್ಕು ಜನರಿಗೆ ಬೇಕಾಗುವುದು ಇಷ್ಟು: ಬೇರುಸಸಿ 90 (ಒಬ್ಬರಿಗೆ ಮೂರು, ಉಳಿದದ್ದು ಮುರಿದರೆ ಇರಲಿ ಎಂದು), ತಾಯಿಮರದಿಂದ ಕೊಯ್ದ ಕಸಿಕಡ್ಡಿ 120, ಶೇವಿಂಗ್ ಬ್ಲೇಡು 40, 200 ಗೇಜಿನ ಪ್ಲಾಸ್ಟಿಕ್ಕಿನಿಂದ 2 ಸೆಂಟಿಮೀಟರ್ ಅಗಲ 30 ಸೆಂಟಿಮೀಟರ್ ಉದ್ದ ಕತ್ತರಿಸಿದ ಪಟ್ಟಿ 120, ಐಸ್‌ಕ್ಯಾಂಡಿ ತುಂಬುವ ಉದ್ದ ಪ್ಲಾಸ್ಟಿಕ್ ಕೊಟ್ಟೆ 100, ಸ್ಪಿರಿಟ್ ಒಂದು ಬಾಟಲಿ, ಹತ್ತಿ, ಗಾಯಕ್ಕೆ ಪಟ್ಟಿ, ಅಳಿಯದ ಮಾರ್ಕರ್ ಪೆನ್ನು ನಾಲ್ಕು. ಇದಲ್ಲದೆ ದಾಸವಾಳದ್ದೋ ಪೇರಲದ್ದೋ ಹಸಿ ಕಡ್ಡಿ ಒಬ್ಬರಿಗೆ ಹತ್ತರಂತೆ 240, ಕೈ ಪಳಗಿಸಲು. ಕೂರುವವರ ಮುಂದೆ ಒಂದೊಂದು ಅಡಿಕೆ ಹಾಳೆ ಹಾಸಿದರೆ ಬ್ಲೇಡು, ಪಟ್ಟಿ, ಕಡ್ಡಿ ಎಲ್ಲ ಅದರ ಮೇಲೇ ಇರುತ್ತದೆ, ಕಸ ಸುತ್ತಿ ಎತ್ತುವುದೂ ಸುಲಭ.

ಕಾರ್ಯಾಗಾರ ಗೆಲ್ಲುವುದೋ ಸೋಲುವುದೋ ಎಂಟು ಹತ್ತು ದಿನ ಮೊದಲು ಮರದ ಮೇಲೆ ತೀರ್ಮಾನವಾಗುತ್ತದೆ. ಮೂರು ನಾಲ್ಕು ತಿಂಗಳು ಬಲಿತ, ಹೂ ಬಿಡದ ತುದಿ ಕೊಂಬೆಗಳನ್ನು ಆರಿಸಿ, ಎಲೆಯ ಹಾಳೆಯನ್ನು ಕತ್ತರಿಸಿ ತೊಟ್ಟನ್ನು ಮಾತ್ರ ಮರದಲ್ಲೇ ಬಿಡಬೇಕು. ಹೀಗೆ ಮಾಡಿದ ಕೊಂಬೆಯಲ್ಲಿ ಆಹಾರ ತುದಿಯ ಮೊಗ್ಗಿಗೆ ಸೇರಿ ಮೊಗ್ಗು ಉಬ್ಬುತ್ತದೆ, ತೊಟ್ಟು ಮುಟ್ಟಿದರೆ ಉದುರುತ್ತದೆ. ಕಡ್ಡಿ ಕೊಯ್ಯಲು ಆಗ ಸರಿಯಾದ ಹೊತ್ತು. ಮಳೆಯಲ್ಲಿ ಪಾಚಿಗಟ್ಟಿದ ಮರ ಹತ್ತಿಸುವುದು ಅಪಾಯದ ಕೆಲಸ; ಮಳೆ ಬಿಡುವು ಕೊಟ್ಟ ದಿನ, ಮರ ಹತ್ತಿ ಅಭ್ಯಾಸವಿರುವವರಿಂದ, ಹಗ್ಗ ಕಟ್ಟಿಕೊಂಡು ಮಾಡಿಸಿ. ಅದೇ ತಳಿಯ ಹಳೆಯ ಕಸಿ ಗಿಡ ಯಾರ ಹಿತ್ತಿಲಲ್ಲಾದರೂ ಕಾಯಿ ಬಿಡುತ್ತಿದ್ದರೆ ಅಲ್ಲಿಂದಲೇ ಕಡ್ಡಿ ತರುವುದು ಸಲೀಸು.

ಕಾರ್ಯಾಗಾರದ ದಿನ ಬೆಳಗಾಗುತ್ತಲೇ ಕಡ್ಡಿ ಕೊಯ್ದು, ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ತನ್ನಿ. ನೀರಿನಲ್ಲಿ ಮುಳುಗಿಸಬಾರದು. ಪ್ರತಿ ಮರದ ಕಟ್ಟಿಗೆ ಬೇರೆ ಬಣ್ಣದ ದಾರ, ಅದರ ಸಂಖ್ಯೆಯ ಚೀಟಿ. ಕಸಿ ಸೋತರೆ ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಚೀಟಿ ತಪ್ಪಿದ್ದು ಗೊತ್ತಾಗುವುದು ನಾಲ್ಕೈದು ವರ್ಷದ ನಂತರ ಮಿಡಿ ಬಿಟ್ಟಾಗ.

ಕಟ್ಟುವ ಕ್ರಮ ಹೀಗೆ:

1. ಬ್ಲೇಡಿನ ಒಂದು ಅಂಚಿಗೆ ಗಾಯದ ಪಟ್ಟಿ ಅಂಟಿಸಿ ಹಿಡಿ ಮಾಡಿಕೊಳ್ಳಿ. ಸ್ಪಿರಿಟ್ಟಿನಿಂದ ಒರೆಸಿ. ಹತ್ತು ಹದಿನೈದು ಕಡಿತಕ್ಕೊಂದು ಸಲ ಬ್ಲೇಡು ಬದಲಿಸಬೇಕು. ಮಾವಿನ ಸೊನೆ ಬೇಗ ಮೊಂಡು ಮಾಡುತ್ತದೆ.

2. ಬೇರುಸಸಿಯನ್ನು ಮಣ್ಣಿನಿಂದ 15–20 ಸೆಂಟಿಮೀಟರ್ ಮೇಲೆ, ಕಾಂಡ ಇನ್ನೂ ಮೃದುವಾಗಿರುವಲ್ಲಿ ಅಡ್ಡ ಕತ್ತರಿಸಿ. ಕೆಳಗಿನ ಎರಡು ನಾಲ್ಕು ಎಲೆ ಉಳಿಯಲಿ. ಬರಿ ಕೋಲಿನಂತೆ ಬೋಳಿಸಿದ ಸಸಿಯ ಬೇರಿಗೆ ಉಣಿಸು ಸಿಗುವುದಿಲ್ಲ.

3. ಕತ್ತರಿಸಿದ ತುದಿಯ ನಡುವೆ 4 ಸೆಂಟಿಮೀಟರ್ ಆಳಕ್ಕೆ ನೇರ ಸೀಳಿ.

4. ಹತ್ತು ಹನ್ನೆರಡು ಸೆಂಟಿಮೀಟರಿನ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಸೀಳಿನಷ್ಟೇ ಉದ್ದದ ಬೆಣೆಯಾಗಿ ಕೆತ್ತಿ. ಒಂದೊಂದು ಬದಿಗೂ ಒಂದೇ ಎಳೆತ. ಮೂರು ನಾಲ್ಕು ಸಲ ಹೆರೆದರೆ ಮೇಲ್ಮೈ ಏರುಪೇರಾಗಿ ನಡುವೆ ಗಾಳಿ ಕೂರುತ್ತದೆ. ಕೆತ್ತಿದ ಜಾಗಕ್ಕೆ ಬೆರಳು ತಾಗಿಸಬೇಡಿ.

5. ಬೆಣೆಯನ್ನು ಸೀಳಿನೊಳಗೆ ಇಳಿಸಿ. ಎರಡೂ ಒಂದೇ ದಪ್ಪವಾದರೆ ಸರಿ. ಕಡ್ಡಿ ಸಣ್ಣದಾದರೆ ನಡುವೆ ಕೂರಿಸದೆ ಒಂದು ಬದಿಗೆ ಸರಿಸಿ ತೊಗಟೆಗೆ ತೊಗಟೆ ಕೂಡಿಸಿ. ಬೆಸೆಯುವುದು ತೊಗಟೆಯ ಕೆಳಗಿನ ತೆಳು ಹಸಿರು ಪದರ ಮಾತ್ರ, ನಡುವಿನ ಮರವಲ್ಲ. ಒಂದು ಬದಿ ಕೂಡಿದರೂ ಕಸಿ ಹತ್ತುತ್ತದೆ. ಎರಡೂ ತಪ್ಪಿದರೆ ಇಲ್ಲ.

6. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ, ಹೆಂಚು ಹೊದೆಸಿದ ಹಾಗೆ ಒಂದರ ಮೇಲೊಂದು ಅಂಚು ಬರಲಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಇಳಿದ ನೀರು ಒಳಗೇ ಹೋಗುತ್ತದೆ.

7. ಐಸ್‌ಕ್ಯಾಂಡಿ ಕೊಟ್ಟೆಯ ಒಳಗೆ ಎರಡು ಹನಿ ನೀರು ಚಿಮುಕಿಸಿ ಕಡ್ಡಿಗೆ ಟೊಪ್ಪಿ ಹಾಕಿ, ಬೆಸುಗೆಯ ಕೆಳಗೆ ಸಡಿಲವಾಗಿ ಕಟ್ಟಿ. ಮರದ ಸಂಖ್ಯೆ, ಕಟ್ಟಿದವರ ಹೆಸರು, ದಿನಾಂಕ ಕೊಟ್ಟೆಯ ಮೇಲೆ ಬರೆಯಿರಿ.

ಮೂರರಿಂದ ಆರರವರೆಗಿನ ಕೆಲಸ ಎರಡು ನಿಮಿಷದೊಳಗೆ ಮುಗಿಯಬೇಕು. ಅದಕ್ಕೇ ಮೊದಲ ಮುಕ್ಕಾಲು ಗಂಟೆ ದಾಸವಾಳದ ಕಡ್ಡಿಯ ಮೇಲೆ ಬೆಣೆ ಕೆತ್ತಿಸುವುದು. ನೆರವಿನವರು ಬೆಣೆಯನ್ನು ಬೆಳಕಿಗೆ ಹಿಡಿದು ನೋಡಿ ಒಪ್ಪಿದ ಮೇಲೆಯೇ ಮಾವಿನ ಕಡ್ಡಿ ಕೊಡಿ. ಈ ವಿಷಯದಲ್ಲಿ ದಾಕ್ಷಿಣ್ಯ ಮಾಡಿದರೆ ಸಸಿ ಹಾಳು.

ಕಟ್ಟಿದ ಸಸಿಗಳನ್ನು ಅಂದೇ ಎಲ್ಲರ ಕೈಗೆ ಕೊಟ್ಟು ಕಳಿಸುವುದು ಬೇಡ. ಬಸ್ಸಿನ ಕುಲುಕಾಟಕ್ಕೆ ಬೆಸುಗೆ ಜಾರುತ್ತದೆ. ಒಬ್ಬರ ಮನೆಯಲ್ಲಿ, ಮೇಲೆ ಮಳೆ ತಡೆಯುವ ಪ್ಲಾಸ್ಟಿಕ್, ಅದರ ಕೆಳಗೆ ಅರ್ಧ ನೆರಳಿನ ಬಲೆ ಇರುವ ಜಾಗದಲ್ಲಿ ಒಂದೂವರೆ ತಿಂಗಳು ಒಟ್ಟಿಗೆ ಇಡಿ. ನೀರು ಬುಡಕ್ಕೆ ಮಾತ್ರ.

ಮೂರು ವಾರದ ಹೊತ್ತಿಗೆ ಚಿಗುರು ಕಾಣಬೇಕು. ಕಾಣದಿದ್ದರೆ ಕಾರಣವನ್ನು ಕಡ್ಡಿ ನೋಡಿಯೇ ಹೇಳಬಹುದು. ಹತ್ತು ದಿನದೊಳಗೆ ಕಡ್ಡಿ ಕಪ್ಪಾದರೆ ಕಡ್ಡಿ ಒಣಗಿತ್ತು, ಇಲ್ಲವೇ ಬ್ಲೇಡು ಮೊಂಡಾಗಿತ್ತು. ಕಡ್ಡಿ ತಿಂಗಳಾದರೂ ಹಸಿರಾಗಿದ್ದು ಮೊಗ್ಗು ಅಲುಗದಿದ್ದರೆ ಮರದಲ್ಲಿ ಎಲೆ ಕತ್ತರಿಸುವ ಕೆಲಸ ತಡವಾಗಿ ಆಗಿತ್ತು. ಇನ್ನೂ ಎರಡು ವಾರ ಕಾಯಬಹುದು. ಚಿಗುರು ಬಂದು ಆಮೇಲೆ ಬಾಡಿದರೆ ಕಡ್ಡಿಯೊಳಗಿನ ಆಹಾರದಿಂದಷ್ಟೇ ಚಿಗುರಿದ್ದು, ತೊಗಟೆ ಕೂಡಿರಲಿಲ್ಲ. ಟೊಪ್ಪಿಯನ್ನು ಬಿರುಬಿಸಿಲಲ್ಲಿ ಒಮ್ಮೆಲೇ ತೆಗೆದರೂ ಹೀಗಾಗುತ್ತದೆ. ಬೆಸುಗೆಯಲ್ಲಿ ಲೋಳೆ, ಬೂಷ್ಟು ಕಂಡರೆ ಮಳೆನೀರು ಹೊಕ್ಕಿದೆ. ಮೊದಲ ಸಲ ಕಟ್ಟಿದವರ ಮೂರರಲ್ಲಿ ಒಂದು ಹತ್ತಿದರೂ ಬೇಸರಪಡಬೇಕಿಲ್ಲ.

ಡೇರೆ ಗೆಡ್ಡೆ ಬಿಡಿಸುವ ದಿನ

ಇದಕ್ಕೆ ಭಾಷಣಕಾರರೇ ಬೇಡ. ಕ್ಲಬ್ಬಿನಲ್ಲಿ ಮೂವತ್ತು ವರ್ಷದಿಂದ ಡೇರೆ ಬೆಳೆಸಿದ ಇಬ್ಬರು ಹೆಂಗಸರಿದ್ದರೆ ಅವರೇ ಗುರುಗಳು. ಮೆಕ್ಸಿಕೋದ ಗುಡ್ಡಗಾಡಿನ ಈ ಹೂವು ನಮ್ಮ ಮಳೆಗಾಲಕ್ಕೆ ಒಗ್ಗಿದ ರೀತಿ ನೋಡಿದರೆ ಇಲ್ಲಿಯದೇ ಅನ್ನಿಸಬೇಕು, ಆದರೆ ನಿಂತ ನೀರನ್ನು ಅದು ಇವತ್ತಿಗೂ ಸಹಿಸುವುದಿಲ್ಲ.

ಹಿಂದಿನ ವರ್ಷ ಗಿಡ ಒಣಗಿದ ಮೇಲೆ ಕಿತ್ತು, ಒಣ ಮರಳಿನಲ್ಲೋ ಬೂದಿಯಲ್ಲೋ ಇಟ್ಟ ಗೆಡ್ಡೆಗೊಂಚಲನ್ನು ಸದಸ್ಯರು ಇಡಿಯಾಗಿ ತರಲಿ. ಮೊದಲು ಕಲಿಸಬೇಕಾದದ್ದು ಕಣ್ಣು ಗುರುತಿಸುವುದು. ಡೇರೆಯ ಕಣ್ಣು ಆಲೂಗಡ್ಡೆಯಂತೆ ಗೆಡ್ಡೆಯ ಮೈಮೇಲೆ ಇರುವುದಿಲ್ಲ. ಹಳೆ ಕಾಂಡದ ಬುಡಕ್ಕೆ ಗೆಡ್ಡೆ ಸೇರುವ ಕತ್ತಿನ ಜಾಗದಲ್ಲಿ ಇರುತ್ತದೆ. ದಪ್ಪಗೆ ಚಂದ ಕಾಣುವ ಗೆಡ್ಡೆಯನ್ನು ಕತ್ತಿನಿಂದ ಮುರಿದು ಕೊಟ್ಟರೆ ಅದು ವರ್ಷಪೂರ್ತಿ ಮಣ್ಣಲ್ಲಿ ಹಾಗೇ ಇರುತ್ತದೆ, ಮೊಳೆಯುವುದಿಲ್ಲ. ಕೊಟ್ಟವರ ಮೇಲೆ ಅನುಮಾನ ಹುಟ್ಟುವುದು ಇಂಥಲ್ಲೇ! ಕಣ್ಣು ಕಾಣದಿದ್ದರೆ ಗೊಂಚಲನ್ನು ಒದ್ದೆ ಮರಳಿನಲ್ಲಿ ಒಂದು ವಾರ ಇಟ್ಟರೆ ಕೆಂಪು ಮೊಳಕೆ ಉಬ್ಬುತ್ತದೆ. ಹರಿತ ಚಾಕುವಿನಿಂದ ಕಾಂಡದ ಚೂರು ಸೇರಿಸಿಯೇ ಕತ್ತರಿಸಿ, ಗಾಯಕ್ಕೆ ಒಲೆಬೂದಿ ಹಚ್ಚಿ, ಒಂದು ದಿನ ನೆರಳಲ್ಲಿ ಆರಿಸಿ.

ನೆಡಲು ಒಂದಡಿ ಎತ್ತರದ ಏರುಮಡಿ, ಗಿಡದಿಂದ ಗಿಡಕ್ಕೆ ಎರಡಡಿ, ಆಳ ನಾಲ್ಕು ಬೆರಳು. ಅಡಿಕೆ ದಬ್ಬೆಯ ಊರುಗೋಲನ್ನು ಗೆಡ್ಡೆ ಇಡುವಾಗಲೇ ನೆಡಬೇಕು. ಗಿಡ ಬಾಗಿದ ಮೇಲೆ ಚುಚ್ಚಿದರೆ ನೇರ ಗೆಡ್ಡೆಗೇ ಹೋಗುತ್ತದೆ. ನಾಲ್ಕೈದು ಜೋಡಿ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಹೆಚ್ಚು, ಹೂ ಹೆಚ್ಚು. ತಟ್ಟೆಯಗಲದ ಒಂದೇ ಹೂ ಬೇಕೆನ್ನುವವರು ಪಕ್ಕದ ಮೊಗ್ಗುಗಳನ್ನು ಬಟಾಣಿ ಗಾತ್ರದಲ್ಲೇ ತೆಗೆಯಲಿ. ಬುಡದಿಂದ ಎದ್ದ ಮೂರು ನಾಲ್ಕು ಇಂಚಿನ ಚಿಗುರನ್ನು ಚಿವುಟಿ ಮರಳಿನಲ್ಲಿ ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ, ಗೆಡ್ಡೆಗಾಗಿ ಕಾಯಬೇಕಿಲ್ಲ. ಕಾಂಡ ಟೊಳ್ಳಾದ್ದರಿಂದ ಹೂ ಕೊಯ್ದ ತುದಿಯಲ್ಲಿ ಮಳೆನೀರು ತುಂಬಿ ಕೆಳಕ್ಕೆ ಕೊಳೆ ಇಳಿಯುತ್ತದೆ. ಗೆಣ್ಣಿನ ಮೇಲಕ್ಕೇ, ಓರೆಯಾಗಿ ಕತ್ತರಿಸಲು ಹೇಳಿಕೊಡಿ.

ವಿನಿಮಯದಲ್ಲಿ ಒಂದು ನಿಷ್ಠುರ ನಿಯಮ ಇರಲಿ. ಕಳೆದ ವರ್ಷ ಎಲೆ ಮುದುರಿ, ಹಳದಿ ಮಚ್ಚೆ ಬಂದು ಕುಳ್ಳಾಗಿದ್ದ ಗಿಡದ ಗೆಡ್ಡೆ ಯಾರಿಗೂ ಹೋಗಬಾರದು. ನಂಜುರೋಗಕ್ಕೆ ಔಷಧಿಯಿಲ್ಲ, ಗೆಡ್ಡೆಯ ಜೊತೆಗೇ ಮನೆಮನೆಗೆ ಹೋಗುತ್ತದೆ. ಬಣ್ಣ ಎಷ್ಟೇ ಅಪರೂಪದ್ದಾಗಲಿ, ಸುಡುವುದೇ ಸರಿ.

ಬೋರ್ಡೋ: ಎರಡು ಬಾಟಲಿಯ ಪಾಠ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗ ಅಭ್ಯಾಸ ಮಾಡಿ ಬೋರ್ಡೋ ಸಿಂಪಡಣೆ ಹೇಳಿಕೊಟ್ಟ ಕಾಲದಿಂದ ಮೈಲುತುತ್ತ, ಸುಣ್ಣ ಮಲೆನಾಡಿನ ಮನೆಮಾತು. ಆದರೂ ತಪ್ಪು ಬೆರಕೆ ಇವತ್ತಿಗೂ ಸಾಮಾನ್ಯ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಾರ್ಯಾಗಾರಕ್ಕೆ 10 ಲೀಟರ್ ಸಾಕು: 100 ಗ್ರಾಂ, 100 ಗ್ರಾಂ. ಮೈಲುತುತ್ತವನ್ನು ಹಿಂದಿನ ರಾತ್ರಿ ತೆಳು ಬಟ್ಟೆಯಲ್ಲಿ ಕಟ್ಟಿ 5 ಲೀಟರ್ ನೀರಿನ ಮೇಲ್ಭಾಗದಲ್ಲಿ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಸುಣ್ಣವನ್ನು ಉಳಿದ 5 ಲೀಟರಿನಲ್ಲಿ ಅರಳಿಸಿ ಸೋಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಕಬ್ಬಿಣ, ತಗಡು ಮೈಲುತುತ್ತದ ತಾಮ್ರವನ್ನು ಎಳೆದುಕೊಳ್ಳುತ್ತವೆ.

ಈಗ ಎರಡು ಗಾಜಿನ ಬಾಟಲಿಯಲ್ಲಿ ಎರಡು ಬಗೆ ಮಾಡಿ ತೋರಿಸಿ. ಒಂದರಲ್ಲಿ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ನಿಧಾನ ಸುರಿಯುವುದು. ಇನ್ನೊಂದರಲ್ಲಿ ಮೈಲುತುತ್ತದ ನೀರಿಗೆ ಸುಣ್ಣ ಸುರಿಯುವುದು. ಮೊದಲನೆಯದು ಆಕಾಶನೀಲಿಯಾಗಿ ಬಹಳ ಹೊತ್ತು ತೇಲುತ್ತದೆ; ಎರಡನೆಯದರ ಕಣ ದಪ್ಪವಾಗಿ ಬೇಗ ತಳಕ್ಕೆ ಕೂರುತ್ತದೆ, ಅದೇ ಪಂಪಿನ ನಾಜಲ್ ಕಟ್ಟುವುದು, ಎಲೆಗೆ ಅಂಟದೆ ಮಳೆಗೆ ತೊಳೆದುಹೋಗುವುದು. ಅರ್ಧ ಗಂಟೆ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟರೆ ಮಾತೇ ಬೇಡ.

ಕೊನೆಗೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಬಂದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ತೂಕ ಸರಿಯಿದ್ದೂ ಹೀಗಾಗುವುದು ಹಳೆ ಸುಣ್ಣದಿಂದ. ಗಾಳಿಗೆ ತೆರೆದಿಟ್ಟ ಸುಣ್ಣ ಸತ್ವ ಕಳೆದುಕೊಂಡಿರುತ್ತದೆ. ಸರಿಪಡಿಸದೆ ಹೊಡೆದರೆ ಎಳೆ ಎಲೆ ಸುಡುತ್ತದೆ. ಮಾಡಿದ ದ್ರಾವಣ ಅಂದೇ ಮುಗಿಯಬೇಕು, ಬೇರೆ ಕೀಟನಾಶಕ ಬೆರೆಸಬಾರದು. ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕಿದವರು ಅದೇ ವಾರ ಬೋರ್ಡೋ ಸುರಿದರೆ ಹಾಕಿದ ಶಿಲೀಂಧ್ರವೂ ಸತ್ತಂತೆ.

ರೋಗದ ಎಲೆ, ಬೀಜದ ಮೇಜು

ಪ್ರಶ್ನೆ ಸಮಯಕ್ಕೆ ಜನ ಕೊಳೆತ ಬಳ್ಳಿ, ಹುಳ ಬಿದ್ದ ಕೊಂಬೆ ತಂದೇ ತರುತ್ತಾರೆ. ಬಾಯಿ ಕಟ್ಟಿದ ಚೀಲದಲ್ಲಿ ಎಲೆ ಮಾತ್ರ ಇರಲಿ, ಜೊತೆಗೆ ಇಡೀ ಗಿಡದ ಫೋಟೋ ಇರಲಿ ಎಂದು ಮೊದಲೇ ತಿಳಿಸಿ. ಸೊರಗು ಬಂದ ಮೆಣಸಿನ ಬುಡದ ಮಣ್ಣು ಸಭೆಗೆ ಬರಬಾರದು. ಆ ರೋಗ ಚಪ್ಪಲಿಗೆ ಮೆತ್ತಿದ ಕೆಸರಿನಲ್ಲೇ ಇನ್ನೊಂದು ತೋಟಕ್ಕೆ ಹೋಗುತ್ತದೆ. ತಂದದ್ದನ್ನೆಲ್ಲ ಕೊನೆಗೆ ಸುಟ್ಟುಬಿಡಿ.

ಬೀಜ ವಿನಿಮಯದ ಮೇಜಿನಲ್ಲಿ ಚೀಟಿಯಿಲ್ಲದ ಪೊಟ್ಟಣ ಇಡಗೊಡಬೇಡಿ. ಊರು, ಕೊಯ್ದ ತಿಂಗಳು, ಹತ್ತಿರ ಏನಿತ್ತು ಎಂಬ ಮೂರು ವಿಷಯ ಸಾಕು. ಮೂರನೆಯದು ಯಾಕೆಂದರೆ ಮೊಗೆಕಾಯಿಯೂ (ಮಂಗಳೂರು ಸೌತೆ) ಇಬ್ಬುಡ್ಲವೂ (ಕರಬೂಜದ ಬಗೆ) ಒಂದೇ ಪ್ರಭೇದದವು, ಪಕ್ಕಪಕ್ಕ ಬೆಳೆದರೆ ಜೇನುಹುಳು ಬೆರಕೆ ಮಾಡುತ್ತದೆ. ಮುಳ್ಳುಸೌತೆಯ ಜೊತೆ ಆ ಭಯವಿಲ್ಲ. ಜೂನಿನಿಂದ ಆಚೆ ಗಾಳಿಯೇ ಒದ್ದೆಯಾದ್ದರಿಂದ ಕಾಗದದ ಪೊಟ್ಟಣದ ಬೀಜ ಬೂಷ್ಟು ಹಿಡಿಯುತ್ತದೆ, ಬೂದಿ ಬೆರೆಸಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ.

ಆಮೇಲಿನ ಮೂರು ತಿಂಗಳು

ಕಸಿ ಕಟ್ಟಿದ ದಿನವೇ ಎರಡು ದಿನಾಂಕ ಬರೆಸಿಕೊಳ್ಳಿ. ಮೊದಲನೆಯದು ಸುಮಾರು ಇಪ್ಪತ್ತೊಂದನೇ ದಿನ: ಚಿಗುರು ಒಂದಿಂಚು ಬಂದ ಗಿಡದ ಟೊಪ್ಪಿಯನ್ನು ಸಂಜೆ ಹೊತ್ತು ತೆಗೆಯುವುದು, ಬೆಸುಗೆಯ ಕೆಳಗೆ ಬೇರುಸಸಿಯಿಂದಲೇ ಎದ್ದ ಚಿಗುರನ್ನು ಚಿವುಟುವುದು. ಇದನ್ನು ಬಿಟ್ಟರೆ ಕಾಟುಮಾವೇ ಮೇಲೆದ್ದು ಅಪ್ಪೆ ಸಾಯುತ್ತದೆ, ಮನೆಯವರು ಕಸಿ ಹತ್ತಿದೆಯೆಂದೇ ತಿಳಿದಿರುತ್ತಾರೆ. ಎರಡನೆಯದು ಮೂರನೇ ತಿಂಗಳು, ನವೆಂಬರಿನ ಹೊತ್ತು: ಪ್ಲಾಸ್ಟಿಕ್ ಪಟ್ಟಿಯನ್ನು ಗಂಟಿನ ಎದುರು ಬದಿಯಲ್ಲಿ ಉದ್ದಕ್ಕೆ ಗೀರಿ ಬಿಚ್ಚುವುದು. ಪಟ್ಟಿ ಉಳಿದರೆ ಕಾಂಡ ದಪ್ಪವಾದಂತೆ ಅದು ಒಳಕ್ಕೆ ಕೊರೆದು, ಮುಂದೆ ಒಂದು ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಇದೇ ಮರೆಯುವುದು, ಆದ್ದರಿಂದ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ನೆನಪಿಸಲು ಒಬ್ಬರನ್ನು ನೇಮಿಸಿ.

ಹೊಲಕ್ಕೆ ನೆಡುವುದು ಮುಂದಿನ ಜೂನಿನಲ್ಲಿ, ಬೆಸುಗೆ ಮಣ್ಣಿನಿಂದ ಮೇಲಿರುವಂತೆ. ಕಸಿ ಹತ್ತದ ಬೇರುಸಸಿಯನ್ನು ಎಸೆಯಬೇಡಿ. ಕೆಳಗಿನ ಎಲೆ ಹಸಿರಾಗಿದ್ದರೆ ಅದರ ಬುಡದಿಂದ ಹೊಸ ಚಿಗುರು ಬರುತ್ತದೆ. ಅದರಲ್ಲಿ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನು ಚಿವುಟಿದರೆ ಮರುವರ್ಷದ ಕಾರ್ಯಾಗಾರಕ್ಕೆ ಅದೇ ಸಸಿ ಆಗುತ್ತದೆ.